ಈಗ ಏನು ಓದ್ತಿದ್ದೀರಿ?

ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ ನೆರೆಯವರನ್ನು ಕೇಳಬಹುದಾದ ಪ್ರಶ್ನೆಗಳು ಬಹಳ ಇಲ್ಲ. ಕಾವೇರಿ ನೀರು ಬಂತಾ, ಟ್ಯಾಂಕರ್‌ಗೆ ಹೇಳಿದ್ರಾ, ಮಗಳು ಈಗ ಎಷ್ಟನೇ ಕ್ಲಾಸು, ಜಯದೇವ ಹತ್ತಿರ ಟ್ರಾಫಿಕ್ ಹೇಗಿತ್ತು. ಇಷ್ಟಾಗುವಷ್ಟರಲ್ಲಿ ಲಿಫ್ಟ್ ಬರುತ್ತದೆ, ಮಾತು ನಿಲ್ಲುತ್ತದೆ. ಸಂಬಳ ಕೇಳುವಂತಿಲ್ಲ, ಜಾತಿ ಕೇಳುವಂತಿಲ್ಲ, ಓಟು ಯಾರಿಗೆ ಹಾಕಿದಿರಿ ಎನ್ನುವಂತಿಲ್ಲ. ರಾತ್ರಿ ನಿದ್ದೆ ಬರುತ್ತಾ, ಮನಸ್ಸಿಗೆ ನೆಮ್ಮದಿ ಇದೆಯಾ ಎಂದು ವಿಚಾರಿಸುವಷ್ಟು ಸಲಿಗೆ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಯಾರ ಮೇಲೂ ಇರುವುದಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಯಾರನ್ನು ಬೇಕಾದರೂ ಕೇಳಬಹುದು: ‘ಈಗ ಏನು ಓದ್ತಿದ್ದೀರಿ?’ ಕೇಳುವವರಿಗೆ ಸಂಕೋಚವಿಲ್ಲ, ಕೇಳಿಸಿಕೊಂಡವರಿಗೆ ಮುಜುಗರವಿಲ್ಲ. ಆದರೂ ಅದಕ್ಕೆ ನಿಜವಾದ ಉತ್ತರ ಮನುಷ್ಯನ ಒಳಮನೆಯಿಂದಲೇ ಎದ್ದು ಬರಬೇಕು.

ಪುಸ್ತಕದ ಹೆಸರೊಂದನ್ನು ಇನ್ನೊಬ್ಬರಿಗೆ ಹೇಳುವಾಗ ನಾವು ನಿಜಕ್ಕೂ ಕೊಡುತ್ತಿರುವುದು ಏನನ್ನು? ಮಾಹಿತಿಯನ್ನಂತೂ ಅಲ್ಲ. ಲೇಖಕರು, ಪುಟ, ಬೆಲೆ ಎಲ್ಲ ಬೆರಳ ತುದಿಯಲ್ಲೇ ಸಿಗುವ ಕಾಲ ಇದು. ಅಭಿಪ್ರಾಯವನ್ನೂ ಅಲ್ಲ, ಅದಕ್ಕೆ ವಿಮರ್ಶಕರಿದ್ದಾರೆ. ಇವೆರಡನ್ನೂ ಕಳೆದ ಮೇಲೂ ಏನೋ ಉಳಿಯುತ್ತದೆ. ಅದನ್ನು ಹುಡುಕಬೇಕೆಂಬುದೇ ಈ ಬರಹದ ಆಸೆ.

ಮೊದಲು, ಓದಿ ಮುಗಿಸಿದ ಪುಸ್ತಕಕ್ಕೂ ಓದುತ್ತಿರುವ ಪುಸ್ತಕಕ್ಕೂ ಇರುವ ಅಂತರ ನೋಡೋಣ. ಮುಗಿಸಿದ ಪುಸ್ತಕದ ಬಗ್ಗೆ ಎಲ್ಲರ ಬಳಿಯೂ ಒಂದು ಸಿದ್ಧ ಮಾತಿರುತ್ತದೆ. ಚೆನ್ನಾಗಿದೆ, ಎರಡನೇ ಭಾಗ ಎಳೆದಿದ್ದಾರೆ, ಅವರ ಹಿಂದಿನದಷ್ಟು ಹಿಡಿಸಲಿಲ್ಲ. ಅಲ್ಲಿಗೆ ಕಡತ ಮುಚ್ಚಿದ ಹಾಗೆ. ಓದುತ್ತಿರುವ ಪುಸ್ತಕ ಹಾಗಲ್ಲ. ಓದುಗ ಇನ್ನೂ ಅದರೊಳಗೇ ಇದ್ದಾನೆ, ಹೊರಬಂದಾಗ ತಾನು ಏನಾಗಿರುತ್ತೇನೋ ಅವನಿಗೂ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಆಡಿದ ಮಾತು ತೀರ್ಪಾಗಿರುವುದಿಲ್ಲ, ಅದೊಂದು ಸ್ಥಿತಿಯ ವರದಿ.

ವಿಜಯಾ ಬ್ಯಾಂಕ್ ಲೇಔಟಿನ ಕಡೆ ಬೆಳಗಿನ ಹೊತ್ತು ನಡೆಯಲು ಬರುವ ಒಬ್ಬ ಹಿರಿಯರಿದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿಹೋಯಿತು, ಅದರ ಹೆಸರು ಮಾತ್ರ ನಮ್ಮ ಬಡಾವಣೆಯಲ್ಲಿ ನಿಂತಿದೆ. ಒಂದು ದಿನ ಆ ಹಿರಿಯರ ಕೈಚೀಲದಲ್ಲಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಇತ್ತು. ಕ್ಯಾಲೆಂಡರಿನ ಹಾಳೆಯಿಂದ ಬೈಂಡು ಹಾಕಿದ ಹಳೆಯ ಪ್ರತಿ, ನಡುವೆ ಗುರುತಿಗೆ ಮಡಚಿಟ್ಟ ಬಿಎಂಟಿಸಿ ಟಿಕೆಟ್. ಹೇಗಿದೆ ಅಂದೆ. ‘ಹೇಗಿದೆ ಅಂತ ಕೇಳ್ಬೇಡಿ. ಪುಟ ತಿರುಗಿಸೋಕೆ ಕೈ ಬರ್ತಿಲ್ಲ. ನಂಜಮ್ಮನಿಗೆ ಇನ್ನೂ ಏನೇನು ಕಾದಿದೆಯೋ’ ಎಂದರು. ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ ಮುಂದುವರಿಸಿದರು: ‘ಶಾನುಭೋಗಿಕೆ ಲೆಕ್ಕ ಬರೆಯೋಳು ಅವಳು, ಶಾನುಭೋಗ ಅನ್ನಿಸ್ಕೊಳ್ಳೋನು ಗಂಡ. ನಾನು ಮೂವತ್ತು ವರ್ಷ ಲೆಡ್ಜರ್ ಬರೆದವಳು ಕಣ್ರೀ. ಆ ಪುಟಗಳನ್ನ ಓದ್ತಿದ್ರೆ ಬೆರಳು ನೋಯುತ್ತೆ.’

‘ಗೃಹಭಂಗ’ ಬಂದದ್ದು 1970ರಲ್ಲಿ. ಅದರ ಬಗ್ಗೆ ಬಂದ ವಿಮರ್ಶೆಗಳಲ್ಲಿ ಪ್ಲೇಗು, ಬಡತನ, ಹಳ್ಳಿಯ ಕ್ರೌರ್ಯ, ತಾಯಿಯ ಸಹನೆ ಎಲ್ಲವೂ ಚರ್ಚೆಯಾಗಿವೆ. ಲೆಕ್ಕ ಬರೆದ ಬೆರಳುಗಳ ನೋವನ್ನು ಲೆಕ್ಕ ಬರೆದವರೇ ಹೇಳಬೇಕಿತ್ತು, ಅದೂ ಪುಸ್ತಕದ ಮಧ್ಯದಲ್ಲಿದ್ದಾಗ. ಪೂರ್ತಿ ಓದಿ ಮುಗಿಸಿದ್ದರೆ ಅವರೂ ಬಹುಶಃ ‘ತುಂಬಾ ದುಃಖದ ಕಾದಂಬರಿ, ಓದಿ’ ಎಂದು ಮುಗಿಸಿಬಿಡುತ್ತಿದ್ದರು. ಆ ಬೆಳಗ್ಗೆ ನನಗೆ ದೊರಕಿದ್ದು ಕಾದಂಬರಿಯ ಶಿಫಾರಸಲ್ಲ, ಒಬ್ಬ ಹೆಂಗಸಿನ ಮೂವತ್ತು ವರ್ಷಗಳ ಕೆಲಸದ ಒಳಗುಟ್ಟು. ಅದನ್ನು ನೇರವಾಗಿ ಕೇಳಿದ್ದರೆ ಅವರು ಹೇಳುತ್ತಿರಲಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ. ನಡುವೆ ಒಬ್ಬಳು ನಂಜಮ್ಮ ಬಂದು ನಿಂತದ್ದರಿಂದ ಇಬ್ಬರಿಗೂ ಮಾತು ಸಾಧ್ಯವಾಯಿತು.

ಓದುವುದು ಒಂಟಿ ಕೆಲಸ ಎಂದು ನಾವೆಲ್ಲ ನಂಬಿದ್ದೇವೆ. ನಮ್ಮ ನಾಡಿನಲ್ಲಿ ಅದು ಒಂಟಿ ಕೆಲಸವಾದದ್ದು ಇತ್ತೀಚೆಗೆ. ಮಲೆನಾಡಿನ ಜಡಿಮಳೆಯ ರಾತ್ರಿಗಳಲ್ಲಿ, ಬಯಲುಸೀಮೆಯ ಗುಡಿಯ ಪೌಳಿಗಳಲ್ಲಿ ಕುಮಾರವ್ಯಾಸನ ಭಾರತವನ್ನು, ಲಕ್ಷ್ಮೀಶನ ಜೈಮಿನಿಯನ್ನು ಒಬ್ಬರು ರಾಗವಾಗಿ ವಾಚಿಸುತ್ತಿದ್ದರು, ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು, ಊರು ಕೇಳುತ್ತಿತ್ತು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಈ ಗಮಕ ಇಂದಿಗೂ ಜೀವಂತವಾಗಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಸಂಗೀತವಲ್ಲ, ಆಯ್ಕೆ. ಇಂದು ಯಾವ ಭಾಗ ಓದಿಸಬೇಕೆಂದು ಅಕ್ಷರ ಬಾರದವರೂ ಹೇಳುತ್ತಿದ್ದರು. ಮಳೆ ಹೋದರೆ ವಿರಾಟಪರ್ವ ಓದಿಸಬೇಕು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿತ್ತು. ಮಳೆ ಬಂತೋ ಇಲ್ಲವೋ ಎನ್ನುವ ವಾದ ಇಲ್ಲಿ ಬೇಡ. ಒಣಗಿದ ಕೆರೆಯ ಮುಂದೆ ಕುಳಿತ ಊರಿಗೆ, ಅಜ್ಞಾತವಾಸವನ್ನು ಸಹಿಸಿ ಕೊನೆಗೆ ತಮ್ಮ ಹೆಸರನ್ನು ಮರಳಿ ಪಡೆದವರ ಕಥೆ ಬೇಕು ಎಂದು ಯಾರಿಗೋ ಹೊಳೆಯಿತಲ್ಲ, ಆ ಹೊಳಹು ದೊಡ್ಡದು. ಯಾವ ಕಷ್ಟಕ್ಕೆ ಯಾವ ಪಠ್ಯ ಎಂಬ ವಿವೇಕ ಅದರಲ್ಲಿದೆ. ಪುಸ್ತಕ ಸೂಚಿಸುವವರಿಗೆ ಮೊದಲು ಗೊತ್ತಿರಬೇಕಾದದ್ದು ಪುಸ್ತಕವಲ್ಲ, ಕೇಳುವವರ ಹೊತ್ತು.

ಓದಿಸುವುದರಿಂದ ಹಂಚುವುದಕ್ಕೆ ಬಂದರೆ, ಅತ್ತಿಮಬ್ಬೆಯ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಹತ್ತನೇ ಶತಮಾನದ ಕೊನೆಯ ಭಾಗದಲ್ಲಿ, ಪೊನ್ನನ ‘ಶಾಂತಿಪುರಾಣ’ ಕಣ್ಮರೆಯಾದೀತೆಂದು ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ರನ್ನನಿಗೆ ಆಶ್ರಯ ಕೊಟ್ಟು ‘ಅಜಿತಪುರಾಣ’ ಬರೆಸಿದಳು, ಅದು 993ರಲ್ಲಿ ಮುಗಿಯಿತು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ನಾವು ಇವನ್ನೆಲ್ಲ ದಾನವೆಂದು ಎಣಿಸುತ್ತೇವೆ, ದಾನಚಿಂತಾಮಣಿ ಎಂಬ ಬಿರುದೂ ಹಾಗೆಯೇ ಬಂದದ್ದು. ಆ ಸಾವಿರ ಪ್ರತಿಗಳನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಿ. ತಾಳೆಗರಿಯನ್ನು ಹದಮಾಡಿ, ಕಂಠವೆಂಬ ಲೋಹದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ಸವರಿ ಒರೆಸಿ, ರಂಧ್ರ ಹಾಕಿ ದಾರ ಪೋಣಿಸಬೇಕು. ಹೀಗೆ ಸಾವಿರ ಸಲ. ಎಷ್ಟು ಜನ ಲಿಪಿಕಾರರು, ಎಷ್ಟು ಕಾಲ! ಅಷ್ಟೆಲ್ಲ ಆದ ಮೇಲೆ ಕೊನೆಯ ಮಾತು ಒಂದೇ: ಇದು ನನಗೆ ಮುಖ್ಯ, ನಿಮಗೂ ಮುಖ್ಯವಾಗಲಿ. ಪರರ ಕೈಗೆ ಹೋದ ಪುಸ್ತಕ ಹೋದಂತೆಯೇ ಎಂದು ಸಂಸ್ಕೃತದ ಹಳೆಯ ಸುಭಾಷಿತವೊಂದು ಎಚ್ಚರಿಸುತ್ತದೆ. ಅತ್ತಿಮಬ್ಬೆಯ ನಂಬಿಕೆ ಇದಕ್ಕೆ ತದ್ವಿರುದ್ಧ. ಪರರ ಕೈಗೆ ಹೋದರಷ್ಟೇ ಪುಸ್ತಕ ಉಳಿಯುತ್ತದೆ. ಪೊನ್ನನ ಕಾವ್ಯ ನಮ್ಮವರೆಗೆ ಬಂದಿರುವುದರಿಂದ ಅವಳೇ ಗೆದ್ದಳೆಂದು ನಾನು ತಿಳಿಯುತ್ತೇನೆ.

ಸಾವಿರ ಎಂಬ ಈ ಸಂಖ್ಯೆ ನನ್ನನ್ನು ಬಿಡುವುದಿಲ್ಲ. ಕನ್ನಡ ಪುಸ್ತಕವೊಂದರ ಮೊದಲ ಮುದ್ರಣ ಇಂದಿಗೂ ಸಾಮಾನ್ಯವಾಗಿ ಸಾವಿರ ಪ್ರತಿ, ಹಲವು ಸಲ ಅದಕ್ಕಿಂತಲೂ ಕಡಿಮೆ. ಕೋಟಿಗಟ್ಟಲೆ ಜನ ಆಡುವ ಭಾಷೆಯಲ್ಲಿ ಸಾವಿರ ಪ್ರತಿ ಖರ್ಚಾಗಲು ವರ್ಷಗಳು ಹಿಡಿಯುತ್ತವೆ. ದೊಡ್ಡ ಜಾಹೀರಾತಿಲ್ಲ, ರೈಲು ನಿಲ್ದಾಣಗಳಲ್ಲಿ ಅಂಗಡಿಗಳ ಸಾಲಿಲ್ಲ. ಕನ್ನಡದ ಪುಸ್ತಕ ಇಲ್ಲಿಯವರೆಗೆ ನಡೆದು ಬಂದಿರುವುದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಆ ಹೊರೆಯ ಕಷ್ಟವನ್ನು ನಾವು ಭಾಷಣಗಳಲ್ಲಿ ನೆನೆಯುತ್ತೇವೆ. ಪ್ರತಿ ಮನೆಯ ಕಟ್ಟೆಯ ಮೇಲೆ ಹೊರೆ ಇಳಿಸಿ, ಆ ಮನೆಯವರ ಮುಖ ನೋಡಿ, ಇವರಿಗೆ ಯಾವುದು ಎಂದು ಅವರು ಆರಿಸಿರಬೇಕಲ್ಲವೇ? ನನ್ನ ಮನಸ್ಸು ನಿಲ್ಲುವುದು ಆ ಗಳಿಗೆಯ ಮೇಲೆ.

ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಕ್ರಮ ಇನ್ನೂ ಅಪೂರ್ವ. ಚಂದಾದಾರರಾದವರಿಗೆ ವರ್ಷದ ಪುಸ್ತಕಗಳು ಮನೆಗೆ ಬರುತ್ತಿದ್ದವು. ಹಣ ಕೊಡುವಾಗ ಯಾವ ಪುಸ್ತಕ ಬರುತ್ತದೆಂದು ಓದುಗರಿಗೆ ಗೊತ್ತಿರುತ್ತಿರಲಿಲ್ಲ. ಗಿರೀಶ ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಹೀಗೆಯೇ ಎಷ್ಟೋ ಮನೆಗಳ ಹೊಸ್ತಿಲು ದಾಟಿದವು. 1965ರಲ್ಲಿ ‘ಸಂಸ್ಕಾರ’ದ ಕಟ್ಟು ಬಿಚ್ಚಿದ ಒಬ್ಬ ಸಂಪ್ರದಾಯಸ್ಥ ಮೇಷ್ಟ್ರನ್ನು ಊಹಿಸಿಕೊಳ್ಳಿ. ಅವರೇ ಅಂಗಡಿಗೆ ಹೋಗಿದ್ದರೆ ಆ ಪುಸ್ತಕವನ್ನು ಮುಟ್ಟುತ್ತಿರಲಿಲ್ಲವೇನೋ. ಗ್ರಂಥಮಾಲೆಯ ಅಟ್ಟದ ಮೇಲೆ ಕುಳಿತು ಪುಸ್ತಕ ಆರಿಸುತ್ತಿದ್ದ ಜೋಶಿಯವರ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಮೇಲಿನ ನಂಬಿಕೆ ಅವರಿಂದ ಅದನ್ನು ಓದಿಸಿತು. ನಮಗೆ ಇಷ್ಟವಾಗುವುದನ್ನೇ ಕೊಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ನಮಗೆ ಇಷ್ಟವಾಗದೇ ಇರಬಹುದಾದದ್ದನ್ನು ಧೈರ್ಯವಾಗಿ ಕೈಗಿಟ್ಟು, ಅದರ ಹೊಣೆ ಹೊರುವವರು ಅಪರೂಪ.

ಈಗಿನ ಯಂತ್ರಗಳ ಸೂಚನೆಯಲ್ಲಿ ನನಗೆ ಸಾಲದೆನಿಸುವುದು ಈ ಹೊಣೆಯೇ. ನೀವು ಇದನ್ನು ಕೊಂಡಿರಿ, ಹಾಗಾದರೆ ಇದೂ ಹಿಡಿಸೀತು ಎನ್ನುವ ಲೆಕ್ಕಾಚಾರ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಹಿಡಿಸದೆ ಹೋದರೆ ಜಗಳವಾಡಲು ಎದುರಿಗೆ ಯಾರೂ ಇಲ್ಲ. ಹಿಡಿಸಿದರೆ ಹೋಗಿ ಹೇಳಿಕೊಳ್ಳಲೂ ಯಾರೂ ಇಲ್ಲ.

ನಮ್ಮ ಬನ್ನೇರುಘಟ್ಟ ರಸ್ತೆಗೆ ಹೊರಗಿನವರು ಗುರುತು ಹೇಳುವುದು ಐಐಎಂನಿಂದ. ಬಿ.ವಿ. ದೋಶಿ ವಿನ್ಯಾಸ ಮಾಡಿದ ಆ ಕಲ್ಲಿನ ಆವರಣದಿಂದಲೇ ಬಿಳೇಕಹಳ್ಳಿ ದೇಶದ ನಕ್ಷೆಯಲ್ಲಿದೆ. ಕನ್ನಡ ಓದುಗರಿಗೆ ಈ ರಸ್ತೆಯ ಇನ್ನೊಂದು ವಿಳಾಸ ಪರಿಚಿತ: ವಸುಧೇಂದ್ರ ಅವರು 2004ರಲ್ಲಿ ಶುರುಮಾಡಿದ ಛಂದ ಪುಸ್ತಕ. ಹೆಸರೇ ಕೇಳಿರದ ಹೊಸಬರಿಂದ ಹಸ್ತಪ್ರತಿ ತರಿಸಿ, ಆರಿಸಿದ್ದಕ್ಕೆ ಬಹುಮಾನ ಕೊಟ್ಟು, ಅದನ್ನು ಪುಸ್ತಕವಾಗಿಸುವ ಕೆಲಸವನ್ನು ಅದು ವರ್ಷಗಟ್ಟಲೆ ಮಾಡಿದೆ. ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’, ಪದ್ಮನಾಭ ಭಟ್ ಶೇವ್ಕಾರ ಅವರ ‘ಕೇಪಿನ ಡಬ್ಬಿ’ ಹೀಗೆ ಬಂದವು. ಮೊದಲ ಪುಸ್ತಕ ಬರೆದವರ ಹೆಸರನ್ನು ನೋಡಿ ಯಾರೂ ಕೊಳ್ಳುವುದಿಲ್ಲ, ಕೊಡುವವರ ಹೆಸರನ್ನು ನೋಡಿ ಕೊಳ್ಳುತ್ತಾರೆ. ಹಾಗಾಗಿ ಹೊಸ ಲೇಖಕರ ಪಾಲಿಗೆ ಓದುಗರ ನಡುವೆ ನಡೆಯುವ ಈ ಮಾತುಕತೆ ಬದುಕುಳಿಯುವ ದಾರಿ.

ಇನ್ನೊಬ್ಬರಿಗೆ ಪುಸ್ತಕದ ಹೆಸರನ್ನಷ್ಟೇ ಹೇಳಿದರೆ ಸಾಲದು, ಕೆಲವಕ್ಕೆ ಓದುವ ಬಗೆಯನ್ನೂ ಹೇಳಿಕೊಡಬೇಕಾಗುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ 1984ರದು. ಗಾತ್ರದಲ್ಲಿ ಸಣ್ಣದು, ಆದರೆ ನಂಜನಗೂಡು ಸೀಮೆಯ ಆಡುಮಾತು ಪರಿಚಯವಿಲ್ಲದವರು ಮೊದಲ ಪುಟಗಳಲ್ಲೇ ನಿಂತುಬಿಡುತ್ತಾರೆ. ನಾನೂ ನಿಂತವನೇ. ಆ ಕಡೆಯ ಗೆಳೆಯರೊಬ್ಬರು, ‘ಕಣ್ಣಲ್ಲಿ ಓದ್ಬೇಡಿ ಸಾ, ಬಾಯಲ್ಲಿ ಓದಿ’ ಎಂದರು. ರಾತ್ರಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದೆ. ಕಣ್ಣಿಗೆ ಒಗಟಾಗಿದ್ದ ವಾಕ್ಯಗಳು ಕಿವಿಗೆ ಬಿದ್ದ ಕೂಡಲೇ ಬಿಚ್ಚಿಕೊಂಡವು. ಪುಸ್ತಕ ನನ್ನ ಕಪಾಟಿನಲ್ಲೇ ಇತ್ತು. ಗೆಳೆಯರು ಕೊಟ್ಟದ್ದು ಅದರೊಳಗೆ ಹೋಗುವ ದಾರಿಯನ್ನು ಮಾತ್ರ, ಆದರೂ ಅದನ್ನು ನನಗೆ ಕೊಟ್ಟವರು ಅವರೇ ಎಂದು ಇಂದಿಗೂ ಅನ್ನಿಸುತ್ತದೆ.

ಹೀಗೆ ಕೊಟ್ಟದ್ದು ಹಿಂದಕ್ಕೆ ಬರುವುದೂ ಉಂಟು. ‘ಮಲೆಗಳಲ್ಲಿ ಮದುಮಗಳು’ ನನ್ನನ್ನು ಕಟ್ಟಿದ ಪುಸ್ತಕಗಳಲ್ಲೊಂದು. ತುಂಬ ವಿಶ್ವಾಸದಿಂದ ಅದನ್ನು ಒಬ್ಬ ಸ್ನೇಹಿತರಿಗೆ ಕೊಟ್ಟಿದ್ದೆ. ಕೆಲವು ವಾರಗಳ ನಂತರ, ‘ಜನ ಜಾಸ್ತಿ, ಯಾರು ಯಾರೋ ಗೊತ್ತಾಗಲಿಲ್ಲ’ ಎಂದು ವಿನಯದಿಂದಲೇ ಮರಳಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ಆ ಕಾದಂಬರಿಯಲ್ಲಿ ಜನ ನಿಜಕ್ಕೂ ಬಹಳ. ಆದರೂ ಮನಸ್ಸು ನೊಂದಿತು. ಬರೆದವನು ನಾನಲ್ಲ. ಕುವೆಂಪು ಅವರಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ. ಹಾಗಿದ್ದ ಮೇಲೆ ನೊಂದದ್ದು ಯಾವುದು? ಈ ನೋವನ್ನು ಬಿಡಿಸಿ ನೋಡಿದಾಗಲೇ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ಪ್ರೀತಿಯ ಪುಸ್ತಕ ಕೊಡುವಾಗ ನಾವು ನಮ್ಮ ಬದುಕಿನ ಕೆಲವು ರಾತ್ರಿಗಳನ್ನು ಕೊಡುತ್ತಿರುತ್ತೇವೆ. ನಾನು ಹೀಗೆ ನಕ್ಕೆ, ಇಲ್ಲಿ ತಡೆದು ನಿಂತೆ, ಇದು ನನ್ನನ್ನು ಹೀಗೆ ಬದಲಿಸಿತು, ಇದರಲ್ಲಿ ನಾನು ಇದ್ದೇನೆ, ಹುಡುಕಿ ನೋಡಿ ಎಂದು ಕೇಳಿಕೊಳ್ಳುತ್ತಿರುತ್ತೇವೆ. ಪುಸ್ತಕ ಹಿಡಿಸಲಿಲ್ಲ ಎಂದರೆ ಆ ರಾತ್ರಿಗಳು ಗುರುತಿಲ್ಲದೆ ಉಳಿದವು ಎಂದು ಅರ್ಥ. ಹಾಗೆ ಉಳಿಯುವುದೂ ನ್ಯಾಯವೇ. ಎಲ್ಲರೊಳಗೂ ಎಲ್ಲರಿಗೂ ಪ್ರವೇಶ ಸಿಗಬೇಕೆಂದು ಬಯಸುವುದು ಅತಿಯಾಸೆ. ಆ ಸ್ನೇಹಿತರು ಸಿಕ್ಕಾಗ ಈಗಲೂ ಏನು ಓದ್ತಿದ್ದೀರಿ ಎಂದು ಕೇಳುತ್ತೇನೆ. ಅವರು ಹೇಳುವ ಪತ್ತೇದಾರಿ ಕಾದಂಬರಿಗಳನ್ನು ಓದಿ, ಅವರ ರಾತ್ರಿಗಳು ಹೇಗಿರುತ್ತವೆಂದು ತಿಳಿದುಕೊಳ್ಳುತ್ತಿದ್ದೇನೆ.

ನಮ್ಮ ಪಕ್ಕದ ಬ್ಲಾಕಿನಲ್ಲಿ ಒಬ್ಬ ಅಜ್ಜಿ, ಕಾಲೇಜಿಗೆ ಹೋಗುವ ಒಬ್ಬಳು ಮೊಮ್ಮಗಳು ಇದ್ದಾರೆ. ಮೊಮ್ಮಗಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಮಾತ್ರ ತಡವರಿಸುತ್ತಾಳೆ. ಬಿಳೇಕಹಳ್ಳಿಯಲ್ಲಿ ಇಂಥ ಮಕ್ಕಳೇ ಹೆಚ್ಚು. ಅವಳಿಗೆ ಗೆಳತಿಯೊಬ್ಬಳು ವಿವೇಕ ಶಾನಭಾಗರ ‘ಘಾಚರ್ ಘೋಚರ್’ನ ಇಂಗ್ಲಿಷ್ ಪ್ರತಿ ಕೊಟ್ಟಳು, ಶ್ರೀನಾಥ್ ಪೆರೂರ್ ಅನುವಾದಿಸಿದ್ದು. ಅದೇ ಹೊತ್ತಿಗೆ ಅಜ್ಜಿ 2013ರ ಕನ್ನಡದ ಮೂಲವನ್ನು ತರಿಸಿಕೊಂಡರು. ಒಂದೇ ಮನೆಯಲ್ಲಿ, ಒಂದೇ ಕಥೆ, ಎರಡು ಭಾಷೆಗಳಲ್ಲಿ. ಅದು ನಮ್ಮ ಊರಿನದೇ ಕಥೆ. ಮಧ್ಯಮ ವರ್ಗದ ಮನೆಗೆ ದಿಢೀರನೆ ಹಣ ಬಂದು, ಮನೆಯವರು ಸ್ವಲ್ಪಸ್ವಲ್ಪವಾಗಿ ಬೇರೆಯೇ ಆಗಿಬಿಡುವ ಕಥೆ. ಅದರಲ್ಲಿ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ, ಅವನಿಗೆಂದು ಅಡುಗೆ ಮಾಡಿ ತಂದಿರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ.

ಮೊಮ್ಮಗಳಿಗೆ ಆ ಭಾಗ ಓದಿ ಸಿಟ್ಟು. ‘ಅಜ್ಜಿ, ಅವಳು ಊಟ ತಂದಿದ್ದಳು ಅಷ್ಟೆ, ಅಷ್ಟಕ್ಕೆ ಹಾಗೆ ಮಾಡ್ತಾರಾ?’ ಅಜ್ಜಿ ತುಂಬ ಹೊತ್ತು ಸುಮ್ಮನಿದ್ದು, ‘ನಾನು ಆ ಮನೆಯಲ್ಲಿದ್ದಿದ್ರೆ ನಾನೂ ಬಾಗಿಲು ಹಾಕ್ತಿದ್ದೆ ಪುಟ್ಟಿ’ ಅಂದರಂತೆ. ಇದನ್ನು ನನಗೆ ಹೇಳಿದ್ದು ಮೊಮ್ಮಗಳೇ. ‘ಅಜ್ಜಿ ಹಾಗೆ ಅಂದಮೇಲೆ ನಾನು ಆ ಪೇಜ್ ಮತ್ತೆ ಓದಿದೆ ಅಂಕಲ್’ ಎಂದಳು. ಇಪ್ಪತ್ತರ ಹುಡುಗಿಗೆ ಎಪ್ಪತ್ತರ ಅಜ್ಜಿ, ತಾನು ಯಾರ ಪರ ನಿಲ್ಲುತ್ತಿದ್ದೆ, ಏಕೆ ನಿಲ್ಲುತ್ತಿದ್ದೆ ಎಂದು ಬೇರೆ ಯಾವ ಮಾತಿನ ಮೂಲಕ ಹೇಳಿಯಾಳು? ಬೋಧನೆಯಾಗಿ ಹೇಳಿದ್ದರೆ ಹುಡುಗಿ ಕೇಳುತ್ತಿರಲಿಲ್ಲ, ತಪ್ಪೊಪ್ಪಿಗೆಯಾಗಿ ಹೇಳಲು ಅಜ್ಜಿಗೆ ಮನಸ್ಸಾಗುತ್ತಿರಲಿಲ್ಲ. ಕನ್ನಡ ಓದದ ಮಕ್ಕಳ ಬಗ್ಗೆ ನಾವು ಪಡುವ ದುಃಖ ನಿಜವಾದದ್ದೇ. ಆದರೆ ಆ ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ, ಯಾವ ಲಿಪಿಯಲ್ಲಾದರೂ ಸರಿ, ಮೊದಲು ಒಂದೇ ಕಥೆಯೊಳಗೆ ಇಬ್ಬರೂ ಇರಲಿ ಎನ್ನಿಸಿದೆ. ಈಗ ಅವಳು ಅಜ್ಜಿಯ ಪ್ರತಿಯಲ್ಲಿ ಆ ಪುಟವನ್ನು ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಾಳೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು, ದೀಪಾ ಭಾಸ್ತಿ ಆರಿಸಿ ಅನುವಾದಿಸಿದ 12 ಕಥೆಗಳ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ. ಆ ವಾರ ನಮ್ಮ ಕಡೆಯ ಎಷ್ಟೋ ಜನ ಬಾನು ಅವರ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆಂದು ವಿಚಾರಿಸತೊಡಗಿದರು. ಆ ಕಥೆಗಳು 1990ರಿಂದ 2023ರವರೆಗೆ ಬರೆದವು. ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದ ಕಾಲದಿಂದಲೂ ಅವರು ಕನ್ನಡಿಗರ ಎದುರಿಗೇ ಬರೆಯುತ್ತಿದ್ದವರು. ಲಂಡನ್ನಿನಿಂದ ಒಂದು ಹೆಸರು ಕೂಗಿ ಹೇಳಿದಾಗ ಸಂತೋಷವಾಯಿತು, ನಾನೂ ಸಿಹಿ ಹಂಚಿದೆ. ಅದರ ಜೊತೆಗೇ ಒಂದು ಸಂಕಟವೂ ಉಳಿಯಿತು. ಆ ಮೂವತ್ತು ವರ್ಷಗಳಲ್ಲಿ ಇವರ ಕಥೆ ಓದಿ ಎಂದು ಪಕ್ಕದವರಿಗೆ ಹೇಳಿದ ಓದುಗರು ಇದ್ದೇ ಇದ್ದರು. ಅವರ ದನಿ ಸಣ್ಣದು. ಪ್ರಶಸ್ತಿಯ ದನಿ ದೊಡ್ಡದು. ಆದರೆ ದೊಡ್ಡ ದನಿ ಎಲ್ಲರಿಗೂ ಒಂದೇ ಪುಸ್ತಕದ ಹೆಸರು ಹೇಳುತ್ತದೆ. ಸಣ್ಣ ದನಿಗಳು ಸಾವಿರಾರು ಇದ್ದಾಗ ಮಾತ್ರ ಸಾವಿರಾರು ಪುಸ್ತಕಗಳು ಉಳಿಯಲು ಸಾಧ್ಯ.

2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮಗೆ ಹಾರ, ಶಾಲು ಬೇಡ, ಕೊಡುವುದಿದ್ದರೆ ಪುಸ್ತಕ ಕೊಡಿ ಎಂದರು. ಒಳ್ಳೆಯ ಮಾತು, ಅದು ಎಲ್ಲ ಸಭೆಗಳಿಗೂ ಹಬ್ಬಲಿ. ಹಾರದ ಜಾಗಕ್ಕೆ ಪುಸ್ತಕ ಬಂದರೆ ಸಾಲದು, ಹಾರ ಕೊಡುವ ಮನಸ್ಸಿನ ಜಾಗಕ್ಕೆ ಪುಸ್ತಕ ಕೊಡುವ ಮನಸ್ಸೂ ಬರಬೇಕು. ಹಾರಕ್ಕೆ ಕೊರಳಿದ್ದರೆ ಸಾಕು, ಪುಸ್ತಕ ಕೊಡಲು ಆ ಕೊರಳಿನ ಮೇಲಿನ ಮುಖವನ್ನು ನೋಡಬೇಕು.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಮೂಲತಃ ಗಣಿತದ ಮೇಷ್ಟ್ರು. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಅಧ್ಯಯನ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಜಗತ್ತಿನ ಗ್ರಂಥಾಲಯಗಳಿಗೆಲ್ಲ ಅಡಿಪಾಯ. ಪ್ರತಿ ಓದುಗನಿಗೆ ಅವನ ಪುಸ್ತಕ ದೊರಕಬೇಕು ಎಂಬುದು ಎರಡನೆಯದು, ಅದು ಸಹಜವಾಗಿ ಯಾರಿಗೂ ಹೊಳೆಯಬಹುದಾದ ನ್ಯಾಯ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ಮೂರನೆಯ ಸೂತ್ರದ ಮುಂದೆ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಪುಸ್ತಕಕ್ಕೂ ಒಂದು ಹಕ್ಕಿದೆ ಎಂದ ಹಾಗಾಯಿತಲ್ಲ. ಎಲ್ಲೋ ಕಪಾಟಿನ ಕೆಳಸಾಲಿನಲ್ಲಿ, ದೂಳು ಹಿಡಿದು, ತನ್ನ ಒಬ್ಬ ಓದುಗನಿಗಾಗಿ ಕಾದಿರುವ ಪುಸ್ತಕದ ಪರವಾಗಿ ಯಾರಾದರೂ ನಡೆಯಬೇಕು. ಗ್ರಂಥಪಾಲಕರ ಕೆಲಸ ಪುಸ್ತಕ ಕಾಯುವುದಲ್ಲ, ಬಂದವರ ಜೊತೆ ಮಾತಾಡಿ ಅವರಿಗೆ ಬೇಕಾದದ್ದನ್ನು ಅರಿತು ಪುಸ್ತಕವನ್ನೂ ಓದುಗರನ್ನೂ ಕೂಡಿಸುವುದು ಎಂದು ಅವರು ಜೀವನವಿಡೀ ಕಲಿಸಿದರು. ಆ ಕೆಲಸಕ್ಕೆ ನೇಮಕಾತಿ ಆದೇಶ ಬೇಕಿಲ್ಲ. ಓದುವ ಪ್ರತಿಯೊಬ್ಬರೂ ತಾವು ಓದಿದ ಪುಸ್ತಕಗಳ ಮಟ್ಟಿಗೆ ಗ್ರಂಥಪಾಲಕರೇ.

ಕೆಲವು ವರ್ಷಗಳಿಂದ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಜನ ಚಾಪೆ ಹಾಸಿಕೊಂಡು ಮೌನವಾಗಿ ಓದುತ್ತಾರೆ. ಕಬ್ಬನ್ ರೀಡ್ಸ್ ಎಂದು ಹೆಸರಾದ ಈ ಕೂಟ ಬೇರೆ ನಗರಗಳಿಗೂ ಹಬ್ಬಿದೆ. ಅಲ್ಲಿ ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ಆದರೆ ಎಲ್ಲರೂ ಓರೆಗಣ್ಣಿನಲ್ಲಿ ಪಕ್ಕದವರ ರಕ್ಷಾಪುಟ ನೋಡಿಯೇ ನೋಡುತ್ತಾರೆ. ಮಾತಿಲ್ಲದೆಯೂ ಆ ಪ್ರಶ್ನೆ ಕೇಳಿಬಿಡುವ ಬಯಕೆ ನಮ್ಮಲ್ಲಿ ಅಷ್ಟು ಆಳವಾಗಿದೆ. ಬಿಳೇಕಹಳ್ಳಿಯಿಂದ ಕಬ್ಬನ್ ಪಾರ್ಕ್ ದೂರ. ಅರಕೆರೆ, ಹುಳಿಮಾವು, ಜೆ.ಪಿ. ನಗರದ ಬಡಾವಣೆಗಳಲ್ಲೂ ಇಂಥದ್ದೊಂದು ಸಾಧ್ಯ. ಅದಕ್ಕೆ ಬೇಕಾದದ್ದು ಒಂದು ಕಲ್ಲುಬೆಂಚು, ಮೂರು ನಾಲ್ಕು ಜನ, ಮುಗಿಸದ ಪುಸ್ತಕವನ್ನು ನಾಚಿಕೆಯಿಲ್ಲದೆ ಹೊರತೆಗೆಯುವ ಅಭ್ಯಾಸ. ‘ಮುಗಿಸಿದ ಮೇಲೆ ಹೇಳ್ತೀನಿ’ ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಅವರಿಗೆ ಈಗಲೇ ಹೇಳಿ ಎನ್ನಬೇಕು, ಎಪ್ಪತ್ತನೇ ಪುಟದಲ್ಲಿರುವಾಗ, ಇನ್ನೂ ತೀರ್ಮಾನವಾಗದಿರುವಾಗ.

ಬೆಂಗಳೂರಿನಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಸೇರಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿತು. ಅಂದರೆ ಮನೆ ಇರುವ ಪ್ರತಿಯೊಬ್ಬರೂ ಈಗಾಗಲೇ ಪುಸ್ತಕಕ್ಕೆ ಹಣ ಕೊಟ್ಟಾಗಿದೆ. ಈ ಭಾನುವಾರ ನಿಮ್ಮ ಹತ್ತಿರದ ಶಾಖಾ ಗ್ರಂಥಾಲಯಕ್ಕೆ ಹೋಗಿ, ನಿಮ್ಮನ್ನು ಕಟ್ಟಿದ ಪುಸ್ತಕ ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ತರಿಸಿ ಎಂದು ಬರೆದುಕೊಟ್ಟು ಬನ್ನಿ. ಇದ್ದರೆ, ಅದು ಯಾರಿಗೆ ಬೇಕಾಗಿದೆ ಎಂದು ಯೋಚಿಸಿ, ಆ ಒಬ್ಬರನ್ನು ಕರೆದುಕೊಂಡು ಮತ್ತೆ ಹೋಗಿ.